ಹೊಸ ಕಂಪ್ಯೂಟರ್ ಬಂತು, ಬಿಲ್ ಪ್ರಿಂಟ್ ನಿಂತಿತು: ಹಳೇ ಡಾಸ್ ಸಾಫ್ಟ್‌ವೇರ್ ನಂಬಿದ ಅಂಗಡಿಗಳಿಗೆ ಮುಂದಿನ ದಾರಿ ಏನು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಕಂಪ್ಯೂಟರ್ ತೆಗೆದು ಹೊಸದು ತರೋಣ ಅನ್ನುವವರು ಹೆಚ್ಚಾಗಿದ್ದಾರೆ. ಆದರೆ ಡಾಸ್ ಕಾಲದ ಬಿಲ್ಲಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡ ಮಂಡಿ, ಮಿಲ್, ಗೊಬ್ಬರದ ಅಂಗಡಿಗಳಿಗೆ ಇದು ಬರೀ ಕಂಪ್ಯೂಟರ್ ಬದಲಿಸುವ ಮಾತಲ್ಲ. ಮಾರನೇ ದಿನ ಬಿಲ್ ಹೊರಗೆ ಬರುತ್ತೋ ಇಲ್ಲವೋ ಅನ್ನುವ ಪ್ರಶ್ನೆ.

ಇಷ್ಟು ಹಳೇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ? ಮೌಸ್ ಮುಟ್ಟದೆ ನಾಲ್ಕು ಕೀ ಒತ್ತಿದರೆ ಬಿಲ್ ರೆಡಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಾರ್ಬನ್ ಹಾಕಿ ಒಂದೇ ಸಲಕ್ಕೆ ಮೂರು ಪ್ರತಿ ಕೊಡುತ್ತೆ. ವರ್ಷಗಳ ಉದ್ರಿ ಲೆಕ್ಕವೂ ಅದರಲ್ಲೇ ಇರುತ್ತೆ.

ತೊಂದರೆ ಒಂದಲ್ಲ, ಎರಡು

ಮೊದಲನೆಯದು ಪೋರ್ಟ್. ಡಾಸ್ ಪ್ರೋಗ್ರಾಂ ಬಿಲ್ ಕಳಿಸುವುದು ಎಲ್‌ಪಿಟಿ1 ಅನ್ನುವ ಹಳೇ ಪೋರ್ಟಿಗೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ, ಇರುವುದು ಯುಎಸ್‌ಬಿ. ಯುಎಸ್‌ಬಿಯಿಂದ ಪ್ಯಾರಲಲ್ ಕೇಬಲ್ ತಂದರೆ ಸಾಕು ಅಂತ ಹಲವರು ದುಡ್ಡು ಹಾಕ್ತಾರೆ. ಆ ಕೇಬಲ್ ಎಲ್‌ಪಿಟಿ1 ಹುಟ್ಟಿಸುವುದಿಲ್ಲ, ವಿಂಡೋಸ್‌ಗೆ ಅದು ಇನ್ನೊಂದು ಯುಎಸ್‌ಬಿ ಪ್ರಿಂಟರ್ ಅಷ್ಟೇ.

ಎರಡನೆಯದು ವಿಂಡೋಸ್. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅದರಲ್ಲಿ ಡಾಸ್ ಪ್ರೋಗ್ರಾಂ ನೇರವಾಗಿ ಓಡೋದೇ ಇಲ್ಲ. ಹಾಗಾಗಿ ಡೆಸ್ಕ್‌ಟಾಪಿಗೆ ಪ್ಯಾರಲಲ್ ಕಾರ್ಡ್ ಹಾಕಿಸಿದರೂ ಅರ್ಧ ಕೆಲಸ ಮಾತ್ರ ಆದಂತೆ.

ಸದ್ಯಕ್ಕೆ ಇರುವ ದಾರಿ

32 ಬಿಟ್ ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ಶೇರ್ ಮಾಡಿ, 'ನೆಟ್ ಯೂಸ್' ಕಮಾಂಡ್ ಮೂಲಕ ಎಲ್‌ಪಿಟಿ1ಗೆ ಹೋಗುವ ಬಿಲ್ಲನ್ನು ಯುಎಸ್‌ಬಿ ಪ್ರಿಂಟರಿಗೆ ತಿರುಗಿಸಬಹುದು. ವಿಂಡೋಸ್ 11 ಆದರೆ ಡಾಸ್‌ಬಾಕ್ಸ್-ಎಕ್ಸ್ ಅಥವಾ ವಿಡಾಸ್ ಥರದ ಪ್ರೋಗ್ರಾಂ ಬೇಕು. ಅವು ವಿಂಡೋಸ್ ಒಳಗೇ ಡಾಸ್ ನಡೆಸಿ, ಬಿಲ್ಲನ್ನು ವಿಂಡೋಸ್ ಪ್ರಿಂಟರಿಗೆ ಕಳಿಸುತ್ತವೆ.

ಪ್ರಿಂಟರ್ ಆಯ್ಕೆಯಲ್ಲೂ ಎಚ್ಚರ ಬೇಕು. ಕಡಿಮೆ ಬೆಲೆಯ ಅನೇಕ ಲೇಸರ್ ಪ್ರಿಂಟರ್‌ಗಳಿಗೆ ಡಾಸ್ ಕಳಿಸುವ ಬರೀ ಅಕ್ಷರ ಅರ್ಥವಾಗಲ್ಲ. ಎಪ್ಸನ್ ಎಲ್‌ಎಕ್ಸ್-310 ಥರದ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಯುಎಸ್‌ಬಿ, ಪ್ಯಾರಲಲ್ ಎರಡೂ ಇವೆ.

ಪ್ರಿಂಟ್ ಆದರೆ ಮುಗೀತಾ?

ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದವು. ಶೇ 12 ಮತ್ತು 28ರಲ್ಲಿದ್ದ ಬಹುತೇಕ ಸರಕು ಶೇ 5, 18ಕ್ಕೆ ಬಂದವು. ದರವನ್ನು ಪ್ರೋಗ್ರಾಂ ಒಳಗೇ ಬರೆದಿಟ್ಟಿದ್ದರೆ ಅದನ್ನು ತಿದ್ದಲು ಬರೆದವನೇ ಬೇಕು. ಅವನು ಸಿಗದಿದ್ದರೆ ಬಿಲ್ ಅಂದವಾಗಿ ಬರುತ್ತೆ, ತೆರಿಗೆ ತಪ್ಪಾಗಿರುತ್ತೆ.

ಹಾಗಂತ ಹಳೇದನ್ನು ಗುಜರಿಗೆ ಹಾಕುವಂತೆಯೂ ಇಲ್ಲ. ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೇ ದಿನದಿಂದ 72 ತಿಂಗಳು ಲೆಕ್ಕ ಉಳಿಸಿಕೊಳ್ಳಬೇಕು. ಹಾರ್ಡ್‌ಡಿಸ್ಕ್ ಹೋದರೆ ಉದ್ರಿ ಬಾಕಿಯ ಜೊತೆಗೆ ಈ ದಾಖಲೆಯೂ ಹೋಗುತ್ತೆ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರಲ್ಲಿ ಕೇಂದ್ರ ಸಂಪುಟ 2,516 ಕೋಟಿ ರೂ. ಯೋಜನೆ ಒಪ್ಪಿತು. ಅಂಗಡಿಯವರು ಮಾತ್ರ ಸ್ವಂತ ಜೇಬಿನಿಂದಲೇ ದಾರಿ ಹುಡುಕಬೇಕು.

ಫಾಕ್ಸ್‌ಪ್ರೊನಲ್ಲಿ ಬರೆದ ಸಾಫ್ಟ್‌ವೇರ್ ಆಗಿದ್ದರೆ ಲೆಕ್ಕ ಡಿಬಿಎಫ್ ಫೈಲ್‌ಗಳಲ್ಲಿರುತ್ತೆ. ಅವನ್ನು ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಬಹುದು. ಮೊದಲು ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಹೊಸ ಕಂಪ್ಯೂಟರ್ ಮಾರುವವರಿಗೆ ದುಡ್ಡು ಕೊಡುವ ಮೊದಲು ನಿಮ್ಮದೇ ಸಾಫ್ಟ್‌ವೇರ್‌ನಿಂದ, ನಿಮ್ಮದೇ ಪ್ರಿಂಟರಿನಲ್ಲಿ ಒಂದು ಬಿಲ್ ತೆಗೆಸಿ ನೋಡಿ. ಬಿಲ್ ಸರಿ ಬರುವವರೆಗೆ ಹಳೇ ಕಂಪ್ಯೂಟರನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.