ಹೆಸರಿಲ್ಲದ ಕತ್ತಿಗೆ ಊರು ಸಿಕ್ಕಿತು

ಹೆಸರು ಬರೆಯದ ಉತ್ತರಪತ್ರಿಕೆಯನ್ನು ಮೇಷ್ಟ್ರು ಕೈಗೆತ್ತಿಕೊಂಡು, ಅಕ್ಷರ ನೋಡಿಯೇ ‘ಇದು ಇಂಥವನದು’ ಎಂದುಬಿಡುವುದುಂಟು. ಜಪಾನಿನ ಹಳೆಯ ಕತ್ತಿಗಳ ವಿಷಯವೂ ಹಾಗೆಯೇ. ಕಮ್ಮಾರನ ಹೆಸರು ಕೊರೆದಿರದಿದ್ದರೂ ಕತ್ತಿ ಯಾವ ಸೀಮೆಯದೆಂದು ಬಲ್ಲವರು ಗುರುತಿಸುತ್ತಾರೆ.

ಮಧ್ಯಯುಗದ ಜಪಾನಿನಲ್ಲಿ ಕತ್ತಿ ಮಾಡುವ ಐದು ದೊಡ್ಡ ಸಂಪ್ರದಾಯಗಳಿದ್ದವು: ಯಮಾಶಿರೊ, ಯಮಾಟೊ, ಬಿಜೆನ್, ಸಾಗಾಮಿ ಮತ್ತು ಮಿನೊ. ಇವುಗಳಲ್ಲಿ ಅತಿ ಹೆಚ್ಚು ಕತ್ತಿಗಳನ್ನು ಕೊಟ್ಟದ್ದು ಬಿಜೆನ್. ಇಂದಿನ ಒಕಾಯಾಮ ಪ್ರಾಂತ್ಯದ ಯೋಶಿಯಿ ನದಿಯ ದಂಡೆಯ ಒಸಾಫುನೆ, ಫುಕುವೊಕ ಎಂಬ ಊರುಗಳು ಅದರ ನೆಲೆ. ಕಬ್ಬಿಣದ ಮರಳು ಹತ್ತಿರದ ಬೆಟ್ಟಗಳಲ್ಲಿ, ಇದ್ದಿಲಿಗೆ ಕಾಡು, ಸಾಗಣೆಗೆ ನದಿ, ಮಾರಾಟಕ್ಕೆ ಸಂತೆ. ಕುಲುಮೆಗೆ ಇನ್ನೇನು ಬೇಕು?

ಅಲ್ಲಿನ ಕಮ್ಮಾರರು ಉಕ್ಕನ್ನು ಕಾಯಿಸಿ, ಬಡಿದು, ಮಡಿಸುತ್ತಿದ್ದರು. ಹತ್ತು ಸಲ ಮಡಿಸಿದರೆ ಎಷ್ಟು ಪದರ? ಲೆಕ್ಕ ಹಾಕಿ ನೋಡಿ: 1024! ಜಪಾನಿನ ಕತ್ತಿಗೆ ಹದ ಹಾಕುವ ರೂಢಿಯ ಕ್ರಮವೂ ಸ್ವಾರಸ್ಯಕರ. ಬೆನ್ನಿಗೆ ದಪ್ಪನಾಗಿ, ಅಂಚಿಗೆ ತೆಳ್ಳಗೆ ಜೇಡಿಮಣ್ಣು ಬಳಿದು, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಅಂಚು ಬೇಗ ತಣಿದು ‘ಮಾರ್ಟೆನ್‌ಸೈಟ್’ ಎಂಬ ಗಡಸು ರೂಪ ತಾಳುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆದುವಾಗಿಯೇ ಉಳಿಯುತ್ತದೆ. ಗಡಸಾದ ಅಂಚು ತುಸು ಹಿಗ್ಗುವುದರಿಂದಲೇ ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ.

ಗಡಸು ಮತ್ತು ಮೆದು ಉಕ್ಕು ಸೇರುವಲ್ಲಿ ಬಿಳಿಯ ಗೆರೆಯೊಂದು ಮೂಡುತ್ತದೆ. ಬಿಜೆನ್‌ನ ರುಜು ಇರುವುದು ಇಲ್ಲಿಯೇ. ಅಲ್ಲಿನ ಹೆಸರಾಂತ ಕತ್ತಿಗಳಲ್ಲಿ ಈ ಗೆರೆ ಲವಂಗದ ಮೊಗ್ಗುಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುತ್ತದೆ. ಅದರ ಮೇಲ್ಭಾಗದಲ್ಲಿ ಮಂಜು ಕವಿದಂಥ ತೆಳು ನೆರಳು. 13ನೇ ಶತಮಾನದ ಮಿತ್ಸುತಾದ, ನಾಗಾಮಿತ್ಸು ಮೊದಲಾದವರು ಒಸಾಫುನೆಯ ಈ ಕೀರ್ತಿಯನ್ನು ಕಟ್ಟಿದರು.

ಆದರೆ ಅನ್ನ ಕೊಟ್ಟ ನದಿಯೇ ಮುನಿಯಿತು. 16ನೇ ಶತಮಾನದ ಕೊನೆಯಲ್ಲಿ ಬಂದ ಭಾರಿ ಪ್ರವಾಹಗಳಲ್ಲಿ ಒಸಾಫುನೆ ಕೊಚ್ಚಿಹೋಯಿತು. ಕುಲುಮೆಗಳು ಆರಿದವು, ಬದುಕುಳಿದ ಕಮ್ಮಾರರು ಕೆಲವರೇ.

ಊರು ಹಾಳಾದರೂ ಅದರ ಕೈಬರಹ ಅಳಿಯಲಿಲ್ಲ. ‘ಸಾಂಚೋಮೊ’ ಎಂಬ ಕತ್ತಿಯನ್ನೇ ನೋಡಿ. ಒಂದು ಕಾಲಕ್ಕೆ ಉಯೆಸುಗಿ ಕೆನ್‌ಶಿನ್ ಎಂಬ ಸೇನಾಪತಿಯ ಬಳಿ ಇದ್ದ ಇದರ ಮೇಲೆ ಮಾಡಿದವನ ಹೆಸರೇ ಇಲ್ಲ. ಆದರೂ ಅದರ ರೀತಿಯನ್ನು ನೋಡಿ, ಇದು 13ನೇ ಶತಮಾನದ ಫುಕುವೊಕ ಕಮ್ಮಾರರದೆಂದು ಬಲ್ಲವರು ತೀರ್ಮಾನಿಸಿದರು. 1952ರಲ್ಲಿ ಅದು ರಾಷ್ಟ್ರೀಯ ನಿಧಿಯಾಯಿತು. ಆ ಹಳೆಯ ಊರುಗಳು ಈಗ ಸೇತೊಉಚಿ ಎಂಬ ಪುಟ್ಟ ನಗರದ ಭಾಗ. ಖಾಸಗಿಯವರ ಕೈಯಲ್ಲಿದ್ದ ಕತ್ತಿಯನ್ನು ಕೊಳ್ಳಲು ಆ ನಗರ ದೇಶದ ಜನರಿಂದ ದೇಣಿಗೆ ಕೂಡಿಸಿತು. 2020ರಲ್ಲಿ 50 ಕೋಟಿ ಯೆನ್ ತೆತ್ತು ಅದನ್ನು ತನ್ನದಾಗಿಸಿಕೊಂಡಿತು.

ಕೆಲಸ ಅಚ್ಚುಕಟ್ಟಾಗಿದ್ದರೆ ಅದೇ ರುಜು. ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಅನಾಮಿಕನ ಕತ್ತಿಯನ್ನು ತವರಿಗೆ ಕರೆತಂದದ್ದೂ ಅದೇ.