ಮಗುವನ್ನು ಅಳೆಯುವ ಕೋಲು ಕನ್ನಡದ್ದಾಗಲಿ

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವ ತಾಯಿಯೊಬ್ಬರು ಮೊನ್ನೆ ಒಂದು ವರದಿ ತಂದು ನನ್ನ ಮೇಜಿನ ಮೇಲಿಟ್ಟರು. ‘ಅಣ್ಣಾ, ನನ್ನ ಮಗನ ಬಗ್ಗೆ ಏನು ಬರೆದಿದ್ದಾರೆ, ಓದಿ ಹೇಳಿ’ ಅಂದರು. ಎಂಟು ಪುಟ. ಒಂದಕ್ಷರ ಕನ್ನಡವಿಲ್ಲ! ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಫಾರಂ ಅಚ್ಚು ಹಾಕುತ್ತಿರುವ ನನಗೇ ಅರ್ಧ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ: ಮಗುವಿಗೆ ಆಟಿಸಂ ಇದೆ.

‘ಮನೆಯಲ್ಲಿ ಇಂಗ್ಲಿಷನ್ನೇ ಮಾತಾಡಿ’ ಎಂಬ ಸಲಹೆಯೂ ಸಿಕ್ಕಿತ್ತಂತೆ. ಆ ತಾಯಿಗೆ ಇಂಗ್ಲಿಷ್ ಬಾರದು. ಹಾಗಾಗಿ ಎರಡು ತಿಂಗಳಿಂದ ಮಗನ ಜೊತೆ ಮಾತನ್ನೇ ನಿಲ್ಲಿಸಿದ್ದರು! ಮಾತು ಬಾರದ ಮಗುವಿಗೆ ತಾಯಿಯ ಮಾತೂ ಇಲ್ಲದಂತಾಯಿತು. ಇದು ಚಿಕಿತ್ಸೆಯೋ, ಶಿಕ್ಷೆಯೋ? ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಆಟಿಸಂ, ಎ.ಡಿ.ಎಚ್.ಡಿ. ಎರಡನ್ನೂ ಪತ್ತೆ ಮಾಡುವ ರಕ್ತಪರೀಕ್ಷೆ ಇಲ್ಲ. ಮಗುವನ್ನು ಗಮನಿಸಿ, ಮನೆಯವರನ್ನೂ ಶಿಕ್ಷಕರನ್ನೂ ಕೇಳಿ ತೀರ್ಮಾನಿಸಬೇಕು. ನಮ್ಮ ದೇಶದ ಆಟಿಸಂ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ. ಕೇಳುವವರಿಗೆ ಕನ್ನಡ ಬಾರದೆ, ಹೇಳುವವರಿಗೆ ಇಂಗ್ಲಿಷ್ ಬಾರದೆ ಹೋದರೆ ಆ ಅಂಕಕ್ಕೇನು ಬೆಲೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಎ.ಡಿ.ಎಚ್.ಡಿ.ಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಆ ಮಗು ತರಗತಿಯಲ್ಲಿ ‘ತುಂಟ’, ‘ದಡ್ಡ’ ಎನಿಸಿಕೊಂಡು ಏಟು ತಿನ್ನುತ್ತದೆ. ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೇ ಆರಂಭವಾಗಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನೆಲದಲ್ಲೇ ಇವೆ. ಆದರೆ ತರಬೇತಿ ಒಂದು ದಿನದ್ದಲ್ಲ, ವರ್ಷಗಟ್ಟಲೆಯದು. ರಾಯಚೂರಿನ ಕೂಲಿ ಹೆಂಗಸು ವಾರವಾರ ಕೂಲಿ ಬಿಟ್ಟು ಬಸ್ಸು ಹತ್ತಲಾದೀತೆ?

ನಮ್ಮ ಬೇಡಿಕೆ ಸ್ಪಷ್ಟ. ವರದಿ ಕನ್ನಡದಲ್ಲಿ ಕೊಡಿ, ಕೂರಿಸಿ ವಿವರಿಸಿ. ಪರೀಕ್ಷೆಗಳನ್ನು ಬರೀ ಅನುವಾದಿಸಬೇಡಿ, ನಮ್ಮ ಮಕ್ಕಳು ಕಂಡ ವಸ್ತು, ಆಡುವ ಮಾತಿನಿಂದ ಕಟ್ಟಿ. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಕನ್ನಡ ಬಲ್ಲ ಮನಃಶಾಸ್ತ್ರಜ್ಞರು, ವಾಕ್ ತಜ್ಞರು ಇರಲಿ. ಶಿಕ್ಷಕರಿಗೆ ತರಬೇತಿ ಕೊಡಿ. ಎ.ಡಿ.ಎಚ್.ಡಿ. ಮಕ್ಕಳಿಗೂ ಶಾಲೆಯಲ್ಲಿ ನೆರವು ಸಿಗಲಿ.

ತಂದೆತಾಯಿಯರೇ, ಇದು ದೆವ್ವದ ಕಾಟವಲ್ಲ, ಹೆತ್ತವಳ ತಪ್ಪೂ ಅಲ್ಲ. ವರ್ಷ ತುಂಬಿದರೂ ಮಗು ಹೆಸರು ಕರೆದಾಗ ತಿರುಗದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸದಿದ್ದರೆ ಕೂಡಲೇ ತೋರಿಸಿ. ‘ಕಾಲ ಬಂದಾಗ ಮಾತಾಡುತ್ತೆ’ ಎಂದು ಕಾಯಬೇಡಿ.

ಆ ತಾಯಿಗೆ ನಾನು ಹೇಳಿದ್ದಿಷ್ಟೇ: ‘ಕನ್ನಡದಲ್ಲೇ ಮಾತಾಡಮ್ಮ, ಬಾಯ್ತುಂಬ ಮಾತಾಡು.’ ಇದನ್ನು ಹೇಳಬೇಕಾದವನು ಪ್ರೆಸ್ಸಿನವನೇ?