ಅನ್ನಾ ಮಣಿಯವರಿಗೆ ದೊರೆಯದ ಪದವಿ

ಹೆಣ್ಣುಮಕ್ಕಳ ಶಾಲೆಗಳ ಬಹುಮಾನ ವಿತರಣ ಸಭೆಗಳಲ್ಲಿ ಅನ್ನಾ ಮಣಿಯವರ ಹೆಸರನ್ನು ಹೇಳುವುದು ಈಗ ವಾಡಿಕೆಯಾಗಿದೆ. ಆಕೆಗೆ ಡಾಕ್ಟರ್ ಪದವಿ ದೊರೆಯಲಿಲ್ಲ, ಆದರೂ ಆಕೆ ಹಿರಿಯ ವಿಜ್ಞಾನಿಯಾದರು, ಆದುದರಿಂದ ಪದವಿಯೇನೂ ಮುಖ್ಯವಲ್ಲ ಎಂದು ಭಾಷಣಕಾರರು ಮುಗಿಸುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಕಿವಿಗೆ ಇಂಪಾದ ಈ ಮಾತು ತಂದೆತಾಯಿಗಳು ನೆರೆದ ಸಭೆಯಲ್ಲಿ ಅಪಾಯಕರವಾದುದೆಂದು ನನ್ನ ಮತ. ಮಗಳ ಓದನ್ನು ಅರ್ಧದಲ್ಲಿ ನಿಲ್ಲಿಸಬೇಕೆಂದಿರುವವರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇರೊಂದು ಬೇಕೆ?

ಆಕೆ ಜನಿಸಿದುದು 1918ರಲ್ಲಿ, ತಿರುವಾಂಕೂರು ಸೀಮೆಯ ಪೀರುಮೇಡಿನಲ್ಲಿ. ತಂದೆ ಎಂಜಿನಿಯರರು, ಅನುಕೂಲವಂತ ಮನೆತನ. ಗಂಡುಮಕ್ಕಳಿಗೆ ಉದ್ಯೋಗ, ಹೆಣ್ಣುಮಕ್ಕಳಿಗೆ ವಿವಾಹ ಎಂಬುದು ಆ ಮನೆಯಲ್ಲಿಯೂ ನಡೆದುಬಂದ ಕ್ರಮ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆಗಳನ್ನು ಕೊಡಬಂದಾಗ ಹುಡುಗಿ ಅದು ಬೇಡವೆಂದು, ಬ್ರಿಟಾನಿಕಾ ವಿಶ್ವಕೋಶವನ್ನು ಕೇಳಿದಳಂತೆ. ಆಕೆಯ ಕೈಗೆ ವಜ್ರಗಳು ಮುಂದೆ ಬಂದುವು, ಆದರೆ ಕಿವಿಗಿಡುವುದಕ್ಕಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಆಕೆ ನಮ್ಮ ಬೆಂಗಳೂರಿಗೆ, ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನ ಸಂಸ್ಥೆಗೆ ಬಂದು, ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ವಜ್ರ ಮಾಣಿಕ್ಯಗಳು ಹೊರಸೂಸುವ ಬೆಳಕಿನ ವರ್ಣಪಟಲವನ್ನು ಪರೀಕ್ಷಿಸುವುದು ಆಕೆಯ ಕಾರ್ಯ. ಒಂದೊಂದು ಛಾಯಾಫಲಕಕ್ಕೂ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕಾಗಿದ್ದುದರಿಂದ ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲಿಯೇ ಮಲಗಿದುದುಂಟು. 1942ರಿಂದ 1945ರೊಳಗೆ ಐದು ಲೇಖನಗಳನ್ನು ತಾವೊಬ್ಬರೇ ಬರೆದು ಪ್ರಕಟಿಸಿದರು.

1945ರಲ್ಲಿ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದಾಗ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರ್ ಪದವಿಯನ್ನು ನಿರಾಕರಿಸಲಾಯಿತು. ಪ್ರಬಂಧದಲ್ಲಿ ದೋಷವಿತ್ತೆಂದು ಯಾರೂ ಹೇಳಲಿಲ್ಲ. ಅದು ರಾಮನ್ ಸಂಶೋಧನಾ ಸಂಸ್ಥೆಯ ಪುಸ್ತಕಾಲಯದಲ್ಲಿ, ಪದವಿ ಪಡೆದ ಪ್ರಬಂಧಗಳ ಸಾಲಿನಲ್ಲಿಯೇ ರಟ್ಟು ಕಟ್ಟಿಸಿಕೊಂಡು ನಿಂತಿತು. ಪದವಿಯ ನಷ್ಟವನ್ನು ಆಕೆ ಲೆಕ್ಕಿಸಲಿಲ್ಲವೆಂಬುದು ಆಕೆಯ ಹಿರಿಮೆ. ಆದರೆ ತುಳಿಯಲ್ಪಟ್ಟವರ ಸೈರಣೆಯನ್ನು ಹೊಗಳಿ, ತುಳಿದ ನಿಯಮವನ್ನು ಮರೆಯುವುದು ನ್ಯಾಯವಲ್ಲ.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಆಕೆ ಲಂಡನ್ನಿಗೆ ತೆರಳಿದರು. ಮನಸ್ಸಿದ್ದುದು ಭೌತಶಾಸ್ತ್ರದಲ್ಲಿ, ದೊರೆತುದು ಹವಾಮಾನದ ಉಪಕರಣಗಳ ಶಿಕ್ಷಣ. 1948ರಲ್ಲಿ ಹಿಂದಿರುಗಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ಹವಾಮಾನದ ಎಷ್ಟೋ ಉಪಕರಣಗಳನ್ನು ನಮ್ಮ ದೇಶ ಬ್ರಿಟನ್ನಿನಿಂದ ತರಿಸಿಕೊಳ್ಳುತ್ತಿದ್ದ ಕಾಲ ಅದು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಕ್ರಮಪಡಿಸಿ, ಇಲ್ಲಿಯೇ ತಯಾರಿಸುವ ವ್ಯವಸ್ಥೆಯನ್ನು ಆಕೆ ನಡೆಸಿದರು. ಕೈಕೆಳಗೆ ದುಡಿಯುತ್ತಿದ್ದವರು 121 ಮಂದಿ ಗಂಡಸರು. ತಪ್ಪು ಅಳತೆಗಿಂತ ಅಳೆಯದಿರುವುದೇ ಮೇಲೆಂಬುದು ಆಕೆಯ ನಿಲುವಾಗಿತ್ತು. ಇಂತಹ ಕೆಲಸಕ್ಕೆ ಹೊಸ ತತ್ತ್ವ ಕಂಡುಹಿಡಿದವರ ಕೀರ್ತಿ ಬಾರದು. ಆದರೂ ಈ ಊರಿನಲ್ಲಿ ನಿನ್ನೆ ಇಷ್ಟು ಮಳೆಯಾಯಿತೆಂದು ಪತ್ರಿಕೆಯಲ್ಲಿ ಓದಿ ನಾವು ನಂಬುವೆವಲ್ಲ, ಆ ನಂಬಿಕೆಗೆ ಆಧಾರ ಇಂತಹ ಕಾರ್ಯಾಗಾರಗಳಲ್ಲಿ ಸರಿಯಾಗಿ ಕೊರೆದ ಒಂದು ಗೆರೆ.

ಮುಂದಿನದನ್ನು ಬೇಗ ಹೇಳಬಹುದು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಬಿಸಿಲಿನ ಶಕ್ತಿಯನ್ನು ಅಳೆಯುವ ಕೇಂದ್ರಗಳನ್ನು ದೇಶದಲ್ಲಿ ಅಲ್ಲಲ್ಲಿ ಏರ್ಪಡಿಸಿದರು. ಆಕಾಶದ ಓಝೋನನ್ನು ಅಳೆಯುವ ಉಪಕರಣವನ್ನು ರೂಪಿಸಿದರು. ವಿಕ್ರಮ್ ಸಾರಾಭಾಯಿಯವರ ಕೋರಿಕೆಯಂತೆ ತುಂಬಾದ ರಾಕೆಟ್ ನೆಲೆಯಲ್ಲಿ ಹವಾಮಾನ ವೀಕ್ಷಣಾಲಯವನ್ನು ಸ್ಥಾಪಿಸಿದರು. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೇ ಮರಳಿ, 1980ರಲ್ಲಿ ಭಾರತದ ಸೌರವಿಕಿರಣದ ಅಂಕಿಅಂಶಗಳ ಕೈಪಿಡಿಯನ್ನು ಪ್ರಕಟಿಸಿದರು. 2001ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಮಾನ್ಯ ತಂದೆತಾಯಿಗಳೇ, ನಿಮ್ಮ ಮಗಳಿಗೆ ಪದವಿ ಬೇಕು. ಅದನ್ನು ಕೊನೆಯವರೆಗೂ ಓದಿಸಿರಿ. ಅದರೊಡನೆ ಆಕೆಯ ಕೈಗೆ ತಿರುಪುಳಿಯನ್ನೂ ಕೊಡಿರಿ. ಹೊಲಿಗೆಯ ಸೂಜಿಯನ್ನು ನಾವು ಅನುಮಾನವಿಲ್ಲದೆ ಕೊಡುತ್ತೇವೆ. ಮನೆಯ ಗಡಿಯಾರ ನಿಂತರೆ ಮಾತ್ರ ತಮ್ಮನನ್ನು ಕರೆಯುತ್ತೇವೆ! ಇದೇಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿ ಒಂದು ಬಿನ್ನಹ. ಈ ವರ್ಷ ನಾವು ಶಾಲೆಗೆ ಕೊಡುವ ಕಾಣಿಕೆ ಇನ್ನೊಂದು ಬೆಳ್ಳಿಯ ಬಟ್ಟಲಾಗದೆ ಒಂದು ಮಳೆಮಾಪಕವಾಗಲಿ. ಮರದ ನೆರಳೂ ಗೋಡೆಯ ಮರೆಯೂ ಇಲ್ಲದ ಕಡೆ ಅದನ್ನು ನಿಲ್ಲಿಸಿ, ದಿನವೂ ಬೆಳಿಗ್ಗೆ 8.30ಕ್ಕೆ ಹುಡುಗಿಯರೇ ಅಳೆದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಡಲಿ. ಮಳೆ ಬಾರದ ದಿನ ಸೊನ್ನೆಯನ್ನೂ ತಪ್ಪದೆ ಬರೆಯಲಿ. ರಜೆಯ ದಿನಗಳಲ್ಲಿ ಅಳೆಯುವವರಾರು ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಬೇಕು. ಹತ್ತಿರದಲ್ಲಿ ಮನೆಯಿರುವವರು ಹೆಸರು ಕೊಟ್ಟರೆ ಉಪಕಾರವಾದೀತು.